ತೆರೆದ ಬಾಗಿಲು, ಬಸ್ಸಿನ ಕಾಸು

ಕಾಲೇಜಿನಲ್ಲಿ ಅಕ್ಕಿ ಕೊಡುತ್ತಾರೆಯೆ? ಕೆಲವು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಇದು. ನನ್ನ ಹಳೆಯ ಶಿಷ್ಯನೊಬ್ಬ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ನೌಕರಿಯಲ್ಲಿದ್ದಾನೆ. ಅವನ ಪತ್ನಿ ಅಲ್ಲಿಯ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಲೆಕ್ಕಪತ್ರದ ವಿದ್ಯೆ ಕಲಿಯುತ್ತಿದ್ದಾಳೆ. ಆಕೆ ನನ್ನ ಮನೆಯವರ ಫೋನಿಗೆ ಒಂದು ಚಿತ್ರ ಕಳುಹಿಸಿದ್ದಳು. ದೊಡ್ಡದೊಂದು ಕೋಣೆ, ಗೋಡೆಯುದ್ದಕ್ಕೂ ರ‍್ಯಾಕುಗಳು, ಅವುಗಳ ಮೇಲೆ ಅಕ್ಕಿ, ಕಾಳು, ಹಾಲಿನ ಡಬ್ಬಿ, ಹಣ್ಣು, ಸಾಬೂನು, ಎಳೆಯ ಮಕ್ಕಳ ಬಟ್ಟೆ. “ಇದು ಅಂಗಡಿಯಲ್ಲ ಅಮ್ಮಾ, ನಮ್ಮ ಕಾಲೇಜು. ಓದುವವರು ಬೇಕಾದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗಬಹುದು. ದುಡ್ಡು ಕೊಡುವಂತಿಲ್ಲ” ಎಂದು ಕೆಳಗೆ ಬರೆದಿದ್ದಳು. ನನ್ನ ಮನೆಯವರು ಅದನ್ನು ಎರಡು ಸಲ ನೋಡಿ, “ಅಮೆರಿಕದಲ್ಲೂ ವಾರಾನ್ನವೇ?” ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಶ್ರೀಮಂತ ದೇಶದ ಕಾಲೇಜಿಗೆ ಅಕ್ಕಿಯ ಚೀಲ ಏಕೆ ಬಂತು, ಬಂದುದರಿಂದ ಏನಾಯಿತು ಎಂಬುದನ್ನು ಓದಿ ತಿಳಿದುಕೊಂಡೆ. ವಿಷಯ ದೂರದ್ದಾದರೂ ನಮ್ಮ ಮನೆಯಂಗಳದವರೆಗೆ ಬರುವಂಥದು. ತಾವು ಸ್ವಲ್ಪ ಸಾವಧಾನದಿಂದ ಓದಬೇಕೆಂದು ಬೇಡುತ್ತೇನೆ.

ಮೊದಲು ಈ ಕಾಲೇಜೆಂದರೇನು ಎಂಬುದನ್ನು ನೋಡೋಣ. ಅಮೆರಿಕದಲ್ಲಿ ಪದವಿಯ ವ್ಯಾಸಂಗ ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಕಮ್ಯೂನಿಟಿ ಕಾಲೇಜಿನಲ್ಲಿ ಮುಖ್ಯವಾಗಿ ಎರಡು ವರ್ಷದ ವ್ಯಾಸಂಗ. ಅದನ್ನು ಮುಗಿಸಿದವನು ವಿಶ್ವವಿದ್ಯಾನಿಲಯಕ್ಕೆ ಹೋಗಿ ಉಳಿದೆರಡು ವರ್ಷ ಓದಿ ಪದವೀಧರನಾಗಬಹುದು. ಇಲ್ಲವೆ ದಾದಿಯ ಕೆಲಸ, ಬೆಸುಗೆ, ವಾಹನ ದುರಸ್ತಿ, ಲೆಕ್ಕಪತ್ರ ಮುಂತಾದುದನ್ನು ಕಲಿತು ನೇರವಾಗಿ ಉದ್ಯೋಗಕ್ಕೆ ಸೇರಬಹುದು. ನಮ್ಮ ಪಾಲಿಟೆಕ್ನಿಕ್ಕು, ಐ.ಟಿ.ಐ., ಪ್ರಥಮ ದರ್ಜೆ ಕಾಲೇಜು ಈ ಮೂರನ್ನೂ ಒಂದೇ ಆವರಣದಲ್ಲಿ ಕಟ್ಟಿದರೆ ಹೇಗಿರುತ್ತದೆಯೋ ಹಾಗೆ. ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಇಂದಿಗೂ ನಡೆಯುತ್ತಿರುವ ಅತ್ಯಂತ ಹಳೆಯದು ಷಿಕಾಗೋ ನಗರದ ಸಮೀಪದ ಜೋಲಿಯೆಟ್ ಎಂಬ ಊರಿನದು. ೧೯೦೧ರಲ್ಲಿ ಅಲ್ಲಿಯ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಬ್ರೌನ್ ಅವರೂ ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ಹಾರ್ಪರ್ ಅವರೂ ಸೇರಿ ಆರೇ ಆರು ವಿದ್ಯಾರ್ಥಿಗಳಿಂದ ಅದನ್ನು ಆರಂಭಿಸಿದರು. ಪ್ರೌಢಶಾಲೆಯ ಮಡಿಲಲ್ಲಿ ಕಾಲೇಜು ಹುಟ್ಟಿತೆಂಬುದು, ಪ್ರೌಢಶಾಲೆಯ ಮೇಷ್ಟರಾದ ನನಗೆ ಒಂದಿಷ್ಟು ಹೆಮ್ಮೆಯ ಸಂಗತಿ. ೧೯೪೭ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗದ ವರದಿಯಿಂದ ‘ಕಮ್ಯೂನಿಟಿ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದಿತು. ಈಗ ಅಂಥವು ಸುಮಾರು ಸಾವಿರ ಇವೆ.

ಪಂಡಿತರ ಪದ್ಧತಿಯಂತೆ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಾಗದಪತ್ರಗಳಲ್ಲಿ ಇದನ್ನು ‘ಸಮುದಾಯ ಕಾಲೇಜು’ ಎನ್ನುತ್ತಾರೆ. ಅನುವಾದ ತಪ್ಪಲ್ಲ. ಆದರೆ ‘ನಮ್ಮ ಸಮುದಾಯ’ ಎಂದಾಗ ಈಚೆಗೆ ನಮ್ಮ ಜನ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆಂಬುದು ತಮಗೆ ಗೊತ್ತೇ ಇದೆ. ಅಲ್ಲಿ ಆ ಅರ್ಥವಿಲ್ಲ. ಊರಲ್ಲಿ ಇರುವವರೆಲ್ಲರೂ ಎಂದೇ ಅರ್ಥ. ಆದುದರಿಂದ ನಾನು ಇದನ್ನು ‘ಊರ ಕಾಲೇಜು’ ಎಂದೇ ಕರೆಯುತ್ತೇನೆ, ಶಬ್ದಕೋಶದವರು ಕ್ಷಮಿಸಬೇಕು.

ಈ ಊರ ಕಾಲೇಜಿನ ದೊಡ್ಡ ಗುಣವೆಂದರೆ ಬಾಗಿಲು ತೆರೆದೇ ಇರುವುದು. ಹೆಚ್ಚಿನ ಕಡೆ ಅಂಕ ಎಷ್ಟು ಬಂತೆಂದು ಕೇಳಿ ಹಿಂದಕ್ಕೆ ಕಳಿಸುವುದಿಲ್ಲ. ಹದಿನೆಂಟರ ಹುಡುಗನೂ ಬರುತ್ತಾನೆ, ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ನಲವತ್ತರ ಗೃಹಸ್ಥನೂ ಬರುತ್ತಾನೆ, ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಬರುವ ತಾಯಿಯೂ ಬರುತ್ತಾಳೆ. ಶುಲ್ಕವೂ ಕಡಿಮೆ: ೨೦೨೪-೨೫ರಲ್ಲಿ ಸರಾಸರಿ ವರ್ಷಕ್ಕೆ ಸುಮಾರು ೪,೦೦೦ ಡಾಲರು. ಸರಕಾರಿ ವಿಶ್ವವಿದ್ಯಾನಿಲಯಗಳ ಶುಲ್ಕ ಇದರ ಮೂರರಷ್ಟಕ್ಕೆ ತುಸು ಕಡಿಮೆ.

ಹಾಗಾದರೆ ಒಳಗೆ ಹೋದವರೆಲ್ಲ ಮುಗಿಸಿ ಹೊರಗೆ ಬರುತ್ತಾರೆಯೆ? ಇಲ್ಲ. ಪದವಿಯ ಆಸೆಯಿಂದ ಅಲ್ಲಿಗೆ ಸೇರುವವರು ನೂರಕ್ಕೆ ಸುಮಾರು ೮೦ ಮಂದಿ ಎಂದೂ, ಆರು ವರ್ಷದೊಳಗೆ ಪದವಿ ಪಡೆಯುವವರು ನೂರಕ್ಕೆ ಸುಮಾರು ೧೬ ಮಂದಿ ಎಂದೂ ೨೦೨೪ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ಉಳಿದವರೆಲ್ಲ ದಡ್ಡರೆ? ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಆ ಉತ್ತರದಲ್ಲಿ ನಂಬಿಕೆ ಉಳಿದಿಲ್ಲ. ಕಾರಣ ಬೇರೆ ಇದೆ. ಶುಲ್ಕ ೪,೦೦೦ ಡಾಲರು ಸರಿ. ಮನೆಬಾಡಿಗೆ, ಊಟ, ಪುಸ್ತಕ, ಓಡಾಟ ಎಲ್ಲ ಸೇರಿಸಿದರೆ ಒಬ್ಬ ವಿದ್ಯಾರ್ಥಿಯ ವರ್ಷದ ಖರ್ಚು ಸುಮಾರು ೨೦,೦೦೦ ಡಾಲರು. ಎಂದರೆ ಶುಲ್ಕವು ಐದರಲ್ಲಿ ಒಂದು ಪಾಲು ಮಾತ್ರ. ನಾವು ಸಭೆಗಳಲ್ಲಿ ಮಾತನಾಡುವುದೆಲ್ಲ ಆ ಒಂದು ಪಾಲನ್ನು ಕುರಿತು. ವಿದ್ಯಾರ್ಥಿ ಎಡವುವುದು ಉಳಿದ ನಾಲ್ಕು ಪಾಲಿನಲ್ಲಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

೨೦೧೨ರಲ್ಲಿ ನಮ್ಮ ಶಾಲೆಯಿಂದ ಒಬ್ಬ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದ. ತಂದೆಯಿಲ್ಲದವನು, ತಾಯಿ ಕೂಲಿ. ಮೂವತ್ತು ಕಿಲೋಮೀಟರು ದೂರದ ಪಾಲಿಟೆಕ್ನಿಕ್ಕಿನಲ್ಲಿ ಸೀಟು ಸಿಕ್ಕಿತು. ಪ್ರತಿಭಾ ಪುರಸ್ಕಾರದ ದಿನ ಅವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವಿದ್ಯೆಯ ಮಹಿಮೆಯನ್ನು ಕುರಿತು ಅರ್ಧ ಗಂಟೆ ಭಾಷಣ ಮಾಡಿದವನು ನಾನೇ. ಶುಲ್ಕವನ್ನು ನಾವು ಉಪಾಧ್ಯಾಯರು ಸೇರಿ ಕಟ್ಟಿದೆವು. ದೀಪಾವಳಿಯ ಹೊತ್ತಿಗೆ ನನ್ನ ಸೈಕಲ್ಲಿಗೆ ಗಾಳಿ ಹಾಕಿಸಲು ಹೋದರೆ, ಪಂಪು ಹಿಡಿದುಕೊಂಡು ಬಂದವನು ಅವನೇ.

“ಏನಪ್ಪಾ, ರಜವೇ?” ಎಂದೆ.

“ಇಲ್ಲ ಸಾರ್, ಬಿಟ್ಬಿಟ್ಟೆ.”

“ಯಾಕೋ? ಪಾಠ ಕಷ್ಟವಾಯಿತೆ?”

“ಪಾಠ ಚೆನ್ನಾಗೇ ಇತ್ತು ಸಾರ್. ಬಸ್ ಪಾಸ್ ಆಗ್ಲಿಲ್ಲ.”

ಪಾಸು ಮಾಡಿಸಲು ಕಾಲೇಜಿನ ಮೊಹರು ಬೇಕು. ಮೊಹರು ಹಾಕುವವರು ‘ನಾಳೆ ಬಾ’ ಎಂದರು. ನಾಳೆಗೆ ಇನ್ನೊಂದು ಕಾಗದ ಬೇಕಾಯಿತು. ಮೂರು ವಾರ ಹುಡುಗ ಟಿಕೆಟ್ಟು ಕೊಂಡು ಓಡಾಡಿದ. ತಾಯಿಯ ಕೈಯಲ್ಲಿದ್ದ ಕಾಸು ಮುಗಿಯಿತು. ನಾಲ್ಕು ದಿನ ತಪ್ಪಿಸಿಕೊಂಡ. ತಪ್ಪಿಸಿಕೊಂಡದ್ದಕ್ಕೆ ಬೈಗುಳ ಬಿದ್ದೀತೆಂದು ಐದನೆಯ ದಿನ ಹೋಗಲು ಹೆದರಿದ. ಅಲ್ಲಿಗೆ ಮುಗಿಯಿತು. ಶಾಲು ಹೊದಿಸಿದ ನಾನು, ‘ದಿನಾ ಹೇಗೆ ಹೋಗಿ ಬರುತ್ತೀಯಪ್ಪ?’ ಎಂದು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಒಂದು ದಿನ ರಜೆ ಹಾಕಿ ಅವನ ಜೊತೆ ಹೋಗಿ ಮೊಹರು ಹಾಕಿಸಿಕೊಂಡು ಬರುವುದು ನನಗೆ ದೊಡ್ಡದಾಗಿರಲಿಲ್ಲ.

ಅಮೆರಿಕದವರ ಅನುಭವವನ್ನು ಓದುವಾಗ ಪುಟಪುಟಕ್ಕೂ ನನಗೆ ಆ ಹುಡುಗನೇ ಕಾಣಿಸಿದ.

ಸೇರುವುದರಿಂದಲೇ ಆರಂಭಿಸೋಣ. ಅಲ್ಲಿ ಬಡ ವಿದ್ಯಾರ್ಥಿಗೆ ಕೇಂದ್ರ ಸರಕಾರದ ಸಹಾಯಧನ ಉಂಟು. ಅದನ್ನು ಪಡೆಯಲು ಒಂದು ಅರ್ಜಿ ತುಂಬಬೇಕು. ಬಹುಕಾಲ ಆ ಅರ್ಜಿಯಲ್ಲಿ ನೂರಕ್ಕೂ ಮಿಕ್ಕಿ ಪ್ರಶ್ನೆಗಳಿದ್ದವು. ಹಣವಿದೆ, ಕೊಡುವವರಿದ್ದಾರೆ, ಬೇಕಾದವರೂ ಇದ್ದಾರೆ; ನಡುವೆ ಕಾಗದವೊಂದು ಬೆಟ್ಟದಂತೆ ನಿಂತಿತ್ತು. ಕೆಲವು ಅರ್ಥಶಾಸ್ತ್ರಜ್ಞರು ಓಹೈಯೋ ಮತ್ತು ಉತ್ತರ ಕೆರೊಲಿನ ರಾಜ್ಯಗಳಲ್ಲಿ ಒಂದು ಪರೀಕ್ಷೆ ಮಾಡಿದರು. ಆದಾಯ ತೆರಿಗೆಯ ಲೆಕ್ಕ ಬರೆಸಲು ಕಚೇರಿಗೆ ಬಂದ ಬಡ ಕುಟುಂಬಗಳಲ್ಲಿ ಕೆಲವರಿಗೆ ಅಲ್ಲಿಯೇ, ಆಗಲೇ, ಮಗುವಿನ ಸಹಾಯಧನದ ಅರ್ಜಿಯನ್ನೂ ತುಂಬಿಕೊಟ್ಟರು. ತೆರಿಗೆಯ ಕಾಗದದಲ್ಲಿದ್ದ ವಿವರವೇ ಅರ್ಜಿಗೂ ಬೇಕಾದುದು. ಆದುದರಿಂದ ಕೆಲವೇ ನಿಮಿಷಗಳ ಕೆಲಸ. ಇನ್ನು ಕೆಲವರಿಗೆ ‘ಇಷ್ಟು ಹಣ ಸಿಗುತ್ತದೆ, ಅರ್ಜಿ ಹಾಕಿಕೊಳ್ಳಿ’ ಎಂದು ತಿಳಿವಳಿಕೆ ಮಾತ್ರ ಕೊಟ್ಟರು. ಫಲಿತಾಂಶ ೨೦೧೨ರಲ್ಲಿ ಪ್ರಕಟವಾಯಿತು. ಅರ್ಜಿ ತುಂಬಿಕೊಟ್ಟ ಮನೆಗಳ ಪ್ರೌಢಶಾಲಾ ಮಕ್ಕಳಲ್ಲಿ ಎರಡು ವರ್ಷದ ಕಾಲೇಜು ವ್ಯಾಸಂಗ ಪೂರೈಸಿದವರು ನೂರಕ್ಕೆ ೩೬; ಸಹಾಯವಿಲ್ಲದ ಮನೆಗಳಲ್ಲಿ ೨೮. ತಿಳಿವಳಿಕೆ ಮಾತ್ರ ಪಡೆದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭಾಷಣ ಮಾಡುವ ನಮ್ಮಂಥವರು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. ಆ ಅರ್ಜಿಯನ್ನು ಈಚೆಗೆ ಚಿಕ್ಕದು ಮಾಡಿದ್ದಾರೆ. ಆದರೆ ಹೊಸ ಅರ್ಜಿ ಬರುವುದೇ ತಡವಾಗಿ, ೨೦೨೩ರ ಡಿಸೆಂಬರಿನ ಕೊನೆಯಲ್ಲಿ ಬಂದು, ಬಂದ ಮೇಲೂ ಕೆಟ್ಟು ನಿಂತು, ಲಕ್ಷಾಂತರ ಮಕ್ಕಳನ್ನು ಕಾಯಿಸಿತು. ಯಂತ್ರ ಕೆಟ್ಟು ಕಾಯುವುದು ನಮ್ಮ ತಾಲ್ಲೂಕು ಕಚೇರಿಯ ಸೊತ್ತೇ ಎಂದುಕೊಂಡಿದ್ದೆ. ಅಲ್ಲವೆಂದು ತಿಳಿದು ಏನೋ ಸಮಾಧಾನ!

ನಮ್ಮಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ, ಎರಡು ಕಡೆ ಹೆಸರಿನ ಅಕ್ಷರ ಒಂದೇ ಇರಬೇಕೆಂಬ ನಿಯಮ — ಇವುಗಳಲ್ಲಿ ಸಿಕ್ಕಿಕೊಂಡು ವಿದ್ಯಾರ್ಥಿವೇತನ ಕಳೆದುಕೊಂಡ ಮಕ್ಕಳನ್ನು ಪ್ರತಿ ಉಪಾಧ್ಯಾಯನೂ ಬಲ್ಲ. ಒಂದು ಕಡೆ ‘ಲಕ್ಷ್ಮಮ್ಮ’, ಇನ್ನೊಂದು ಕಡೆ ‘ಲಕ್ಷ್ಮೀ’ ಎಂದಿದ್ದರೆ ಸರಸ್ವತಿಯೂ ಕೈ ಬಿಡುತ್ತಾಳೆ.

ಈಗ ಊಟದ ವಿಚಾರ. ಅಮೆರಿಕದ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಕಾನೂನು ೧೯೪೬ರಲ್ಲಿಯೇ ಆಯಿತು. ಬಡವರ ಮಗು ಹನ್ನೆರಡನೆಯ ತರಗತಿಯವರೆಗೆ ಶಾಲೆಯಲ್ಲಿ ಪುಕ್ಕಟೆಯಾಗಿಯೋ ಅಲ್ಪ ಬೆಲೆಗೋ ಉಣ್ಣುತ್ತದೆ. ಜೂನ್ ತಿಂಗಳಲ್ಲಿ ಶಾಲೆ ಮುಗಿಯುತ್ತದೆ. ಆಗಸ್ಟಿನಲ್ಲಿ ಅದೇ ಮಗು ಕಾಲೇಜಿಗೆ ಹೋದರೆ ಊಟವಿಲ್ಲ. ಎರಡು ತಿಂಗಳಲ್ಲಿ ಹಸಿವು ಹೋಯಿತೆ? ಮನೆಯ ಬಡತನ ಹೋಯಿತೆ? ನಮ್ಮಲ್ಲಿಯೂ ಅಕ್ಷರ ದಾಸೋಹದ ಬಿಸಿಯೂಟ ಇರುವುದು ಹತ್ತನೆಯ ತರಗತಿಯವರೆಗೆ. ಹನ್ನೊಂದಕ್ಕೆ ಕಾಲಿಟ್ಟ ಮಗು ಡಬ್ಬಿ ತರಬೇಕು, ಇಲ್ಲವೆ ನಲ್ಲಿಯ ನೀರು ಕುಡಿಯಬೇಕು. ಅಮೆರಿಕದಲ್ಲಿ ಬಡವರಿಗೆ ದಿನಸಿ ಕೊಳ್ಳಲು ಸರಕಾರದ ನೆರವೊಂದುಂಟು, ನಮ್ಮ ಪಡಿತರ ಚೀಟಿಯಂತೆ. ಆದರೆ ಅರ್ಧ ಹೊತ್ತು ಅಥವಾ ಅದಕ್ಕಿಂತ ಹೆಚ್ಚಾಗಿ ಕಾಲೇಜಿನಲ್ಲಿ ಓದುವವನಿಗೆ ಅದು ಸುಲಭವಾಗಿ ಸಿಗದು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ವಾರಕ್ಕೆ ೨೦ ಗಂಟೆಯಾದರೂ ಕೂಲಿ ಮಾಡುತ್ತಿರಬೇಕೆಂದು ನಿಯಮ. ಓದಲು ಅನ್ನ ಬೇಕು, ಅನ್ನಕ್ಕೆ ದುಡಿಯಬೇಕು, ದುಡಿದರೆ ಓದಲು ಹೊತ್ತಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ೨೦೧೬ರ ಅಂಕಿಗಳನ್ನು ಪರಿಶೀಲಿಸಿದ ಅಲ್ಲಿಯ ಸರಕಾರಿ ಲೆಕ್ಕ ಪರಿಶೋಧಕರು, ಈ ನೆರವಿಗೆ ಅರ್ಹರಾಗಿರಬಹುದಾದ ಸುಮಾರು ೨೦ ಲಕ್ಷ ವಿದ್ಯಾರ್ಥಿಗಳು ಅದನ್ನು ಪಡೆದಿರಲಿಲ್ಲವೆಂದು ಕಂಡುಕೊಂಡರು. ೨೦೨೦ರ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪದವಿ ಓದುವವರಲ್ಲಿ ನೂರಕ್ಕೆ ೨೩ ಮಂದಿಗೆ ಹೊಟ್ಟೆತುಂಬ ಊಟದ ಭರವಸೆ ಇರಲಿಲ್ಲ.

ಶಿಷ್ಯನ ಪತ್ನಿ ಕಳುಹಿಸಿದ ಚಿತ್ರದ ಮೂಲ ಇಲ್ಲಿದೆ. ಮೊದಮೊದಲು ಉಪಾಧ್ಯಾಯರೇ ತಮ್ಮ ಮೇಜಿನ ಖಾನೆಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಹಸಿದವರಿಗೆ ಕೊಡುತ್ತಿದ್ದುದುಂಟು. ಕ್ರಮೇಣ ಕಾಲೇಜುಗಳಲ್ಲಿ ಉಗ್ರಾಣಗಳೇ ತೆರೆದವು. ೨೦೨೧ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು, ತನ್ನ ಪ್ರತಿಯೊಂದು ಊರ ಕಾಲೇಜಿನಲ್ಲಿಯೂ ಅನ್ನ ವಸತಿಗಳ ತೊಂದರೆಯನ್ನು ವಿಚಾರಿಸಲೆಂದೇ ಒಂದು ಕೇಂದ್ರ, ಅದಕ್ಕೊಬ್ಬ ಅಧಿಕಾರಿ ಇರತಕ್ಕದ್ದೆಂದು ಕಾನೂನು ಮಾಡಿತು.

ಉಗ್ರಾಣ ತೆರೆದರೆ ಸಾಲದು; ಒಳಗೆ ಕಾಲಿಡಲು ನಾಚಿಕೆಯಾಗಬಾರದು. ಟೆಕ್ಸಾಸಿನ ಅಮರಿಲ್ಲೊ ಎಂಬ ಊರಿನ ಕಾಲೇಜಿನವರು ಇದನ್ನು ಚೆನ್ನಾಗಿ ಅರಿತರು. ನಿಮ್ಮ ಓದಿಗೆ ಅಡ್ಡಿಯೇನೆಂದು ಅವರು ವಿದ್ಯಾರ್ಥಿಗಳನ್ನೇ ಕೇಳಿದರು. ಉಪಾಧ್ಯಾಯರು ಗಣಿತವೆಂದೋ ವ್ಯಾಕರಣವೆಂದೋ ಉತ್ತರ ಬರುವುದೆಂದು ಕಾದಿದ್ದರೆ, ಬಂದುದು ಊಟ, ಬಾಡಿಗೆ, ಮಗುವನ್ನು ನೋಡಿಕೊಳ್ಳುವವರಿಲ್ಲ, ಕಾರು ಕೆಟ್ಟಿದೆ ಎಂದು. ೨೦೧೬ರಲ್ಲಿ ಅಲ್ಲಿ ನೆರವಿನ ಕೇಂದ್ರ ತೆರೆದಾಗ ಅದನ್ನು ಹಿತ್ತಲ ಮೂಲೆಯಲ್ಲಿಡದೆ, ಎಲ್ಲರೂ ಓಡಾಡುವ ಕಡೆಯಲ್ಲಿಟ್ಟರು. ಕಾರು ಕೆಟ್ಟವನಿಗೆ, ದೀಪದ ಬಿಲ್ಲು ಕಟ್ಟಲಾಗದವಳಿಗೆ ತಿಂಗಳುಗಟ್ಟಲೆ ಕಾಯಿಸದೆ ಬೇಗ ಹಣ ಸಿಗುವ ಏರ್ಪಾಡು ಮಾಡಿದರು. ೨೦೨೩ರಲ್ಲಿ ದೇಶದ ಅತ್ಯುತ್ತಮ ಊರ ಕಾಲೇಜುಗಳಿಗೆ ಕೊಡುವ ಆಸ್ಪೆನ್ ಬಹುಮಾನವನ್ನು ಈ ಕಾಲೇಜು ಇನ್ನೊಂದರೊಡನೆ ಹಂಚಿಕೊಂಡಿತು.

ನಾಚಿಕೆಯ ಮಾತು ಬಂದುದರಿಂದ ವಾರಾನ್ನದ ವಿಷಯ ಹೇಳಿಬಿಡುತ್ತೇನೆ. ಕಿರಿಯ ಓದುಗರಿಗೆ ಅದು ಗೊತ್ತಿರಲಾರದು. ನನ್ನ ತಂದೆಯವರು ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅವರಿಗೆ ಗುರುವಾರಕ್ಕೆ ಮನೆ ಸಿಕ್ಕಿರಲಿಲ್ಲ. “ಗುರುವಾರ ಬೆಳಗ್ಗೆ ಬೀಜಗಣಿತದ ಪಾಠ ಇರುತ್ತಿತ್ತು. ಅದಕ್ಕೇ ನನಗೆ ಬೀಜಗಣಿತ ಬರಲಿಲ್ಲ” ಎಂದು ನಗುತ್ತಿದ್ದರು. ಕೊನೆಯ ಪಂಕ್ತಿಯಲ್ಲಿ ಕೂತು, ಎರಡನೆಯ ಸಲ ಸಾರು ಕೇಳಲಾರದೆ ಎದ್ದುಬಿಡುತ್ತಿದ್ದರಂತೆ. ಆ ಪದ್ಧತಿಯಿಂದ ಎಷ್ಟೋ ಮಂದಿ ವಿದ್ಯಾವಂತರಾದರು, ನಿಜ. ಆದರೆ ಅದಕ್ಕೆ ಜಾತಿಯ ಬೇಲಿಯಿತ್ತು. ಬೇಲಿಯ ಹೊರಗಿನ ಹುಡುಗನಿಗೆ ಏಳು ದಿನವೂ ಗುರುವಾರವೇ. ಆ ಬೇಲಿಯನ್ನು ದಾಟಿ, ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ವಸತಿ ವಿದ್ಯೆಗಳನ್ನು ಒಟ್ಟಿಗೆ ಕೊಟ್ಟದ್ದು ನಮ್ಮ ನಾಡಿನ ದೊಡ್ಡ ಸಂಗತಿ. ಮೂರನ್ನೂ ಒಟ್ಟಿಗೆ ಕೊಟ್ಟರೆಂಬುದನ್ನು ಗಮನಿಸಬೇಕು.

ವಸತಿಯ ವಿಚಾರ ಸಂಕ್ಷೇಪವಾಗಿ ಹೇಳುತ್ತೇನೆ. ಊರ ಕಾಲೇಜುಗಳಲ್ಲಿ ಬಹುಪಾಲಿಗೆ ಹಾಸ್ಟೆಲಿಲ್ಲ. ಮನೆಯಿಲ್ಲದೆ ಕಾರಿನಲ್ಲಿ ಮಲಗುವ ವಿದ್ಯಾರ್ಥಿಗಳಿಗಾಗಿ ೨೦೨೧ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರದ ಕಾಲೇಜು ತನ್ನ ವಾಹನ ನಿಲ್ದಾಣದ ಒಂದು ಭಾಗವನ್ನು ರಾತ್ರಿ ಕಾವಲಿಟ್ಟು ಬಿಟ್ಟುಕೊಟ್ಟಿತು. ಓದುವ ಮಗು ರಾತ್ರಿ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿಕೊಂಡು ಮಲಗುವುದನ್ನು ನೆನೆದರೆ, ಕಾರಿದ್ದವರೆಲ್ಲ ಸಾಹುಕಾರರೆಂಬ ನಮ್ಮ ಎಣಿಕೆ ತಲೆಕೆಳಗಾಗುತ್ತದೆ. ವಾಷಿಂಗ್ಟನ್ ರಾಜ್ಯದ ಟಕೋಮ ನಗರದಲ್ಲಿ ಇದಕ್ಕಿಂತ ಮೇಲಾದ ಏರ್ಪಾಡು ೨೦೧೪ರಲ್ಲಿ ಆರಂಭವಾಗಿತ್ತು: ಅಲ್ಲಿಯ ವಸತಿ ಮಂಡಲಿಯೇ ಕಾಲೇಜಿನೊಡನೆ ಕೂಡಿ ವಿದ್ಯಾರ್ಥಿಗಳ ಬಾಡಿಗೆಗೆ ನೆರವಾಯಿತು.

ಇನ್ನು ನನಗೆ ಬಹಳ ಹಿಡಿಸಿದ ಒಂದು ಪ್ರಯೋಗಕ್ಕೆ ಬರುತ್ತೇನೆ. ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯವು ತನ್ನ ಊರ ಕಾಲೇಜುಗಳಲ್ಲಿ ೨೦೦೭ರಲ್ಲಿ ಅಸಾಪ್ ಎಂಬ ಯೋಜನೆಯನ್ನು ತೊಡಗಿತು. ಅದರಲ್ಲಿ ಅದ್ಭುತವಾದುದೇನೂ ಇಲ್ಲ. ಸಣ್ಣ ಸಣ್ಣ ಕೆಲಸಗಳನ್ನು ಒಂದನ್ನೂ ಬಿಡದೆ ಮಾಡಿದರು, ಅಷ್ಟೆ. ಸಹಾಯಧನ ಕಳೆದು ಉಳಿದ ಶುಲ್ಕವನ್ನು ಬಿಟ್ಟರು. ಪುಸ್ತಕಕ್ಕೆ ಹಣ ಕೊಟ್ಟರು. ನಗರದ ರೈಲು ಬಸ್ಸುಗಳಲ್ಲಿ ತಿಂಗಳೆಲ್ಲ ಓಡಾಡುವ ಪಾಸು ಕೊಟ್ಟರು. ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನವರೆಂದು ಹೇಳಿಕೊಳ್ಳಲು ಒಬ್ಬ ಸಲಹೆಗಾರರನ್ನು ಗೊತ್ತುಮಾಡಿದರು. ಸಾಧಾರಣವಾಗಿ ಒಬ್ಬ ಸಲಹೆಗಾರನ ಪಾಲಿಗೆ ಆರುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬೀಳುತ್ತಿದ್ದ ಕಡೆ, ಇಲ್ಲಿ ಆರಂಭದಲ್ಲಿ ೬೦ರಿಂದ ೮೦ ಮಂದಿ. ಬದಲಿಗೆ ವಿದ್ಯಾರ್ಥಿ ಪೂರ್ಣಕಾಲ ಓದಬೇಕು, ಸಲಹೆಗಾರರನ್ನು ತಪ್ಪದೆ ಕಾಣಬೇಕು.

ಇದರಲ್ಲೊಂದು ಜಾಣತನವಿದೆ. ಓಡಾಟದ ಪಾಸು ತಿಂಗಳಿಗೊಮ್ಮೆ ಕೈಗೆ ಬರುವುದು ಸಲಹೆಗಾರರನ್ನು ಕಂಡು ಮಾತಾಡಿದವನಿಗೆ. ಪಾಸಿಗೆಂದು ಬಂದವನು ಕುರ್ಚಿಯಲ್ಲಿ ಕೂರುತ್ತಾನೆ. ಕೂತವನನ್ನು ‘ಏನಪ್ಪ, ಹೇಗಿದೆ?’ ಎಂದು ಕೇಳುವವರು ಎದುರಿಗಿರುತ್ತಾರೆ. ಬಾಡಿಗೆ ನಿಂತಿದೆ, ತಾಯಿಗೆ ಕಾಯಿಲೆ, ಗಣಿತ ತಲೆಗೆ ಹತ್ತುತ್ತಿಲ್ಲ — ಎಲ್ಲ ಹೊರಗೆ ಬರುವುದು ಆ ಹೊತ್ತಿನಲ್ಲಿ. ಕೆಟ್ಟ ಮೇಲೆ ವಿಚಾರಿಸುವುದಲ್ಲ, ಕೆಡುವ ಮುಂಚೆ.

ಫಲವನ್ನು ಬಿಗಿಯಾಗಿ ಪರೀಕ್ಷಿಸಿದರು. ಬಡತನದಲ್ಲಿಯೂ, ಪೂರ್ವಸಿದ್ಧತೆ ಸಾಲದಿರುವುದರಲ್ಲಿಯೂ ಸಮಾನರಾದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಯೋಜನೆಯನ್ನೂ ಇನ್ನೊಂದಕ್ಕೆ ಕಾಲೇಜಿನ ಎಂದಿನ ವ್ಯವಸ್ಥೆಯನ್ನೂ ಕೊಟ್ಟರು. ಮೂರು ವರ್ಷದಲ್ಲಿ ವ್ಯಾಸಂಗ ಮುಗಿಸಿದವರು ಮೊದಲನೆಯ ಪಂಗಡದಲ್ಲಿ ನೂರಕ್ಕೆ ೪೦, ಎರಡನೆಯದರಲ್ಲಿ ೨೨. ಖರ್ಚು ಹೆಚ್ಚಾಯಿತೆಂದು ಲೆಕ್ಕದವರು ಹುಬ್ಬು ಗಂಟಿಕ್ಕಬಹುದು. ತಲೆಯೊಂದಕ್ಕೆ ಖರ್ಚು ಹೆಚ್ಚಾದುದೇನೋ ನಿಜ. ಆದರೆ ಮುಗಿಸಿದವರು ಅಷ್ಟು ಹೆಚ್ಚಾದುದರಿಂದ, ಮುಗಿಸಿದ ಒಬ್ಬೊಬ್ಬರಿಗೆ ತಗಲಿದ ಖರ್ಚು ಕಡಿಮೆಯೇ ಆಯಿತು. ಅರ್ಧಕ್ಕೆ ಬಿಟ್ಟುಹೋಗುವ ವಿದ್ಯಾರ್ಥಿಯಷ್ಟು ದುಬಾರಿಯಾದವನು ಬೇರೊಬ್ಬನಿಲ್ಲ. ಓಹೈಯೋದ ಮೂರು ಕಾಲೇಜುಗಳಲ್ಲಿ ಇದೇ ಕ್ರಮವನ್ನು ಅನುಸರಿಸಿದಾಗ ೩೫ಕ್ಕೆ ೧೯ ಎಂಬ ಅಂತರ ಕಂಡಿತು. ಅಲ್ಲಿ ರೈಲಿನ ಪಾಸಿಗೆ ಬದಲು ಪೆಟ್ರೋಲಿಗೂ ದಿನಸಿಗೂ ಆಗುವ ಚೀಟಿ ಕೊಟ್ಟರು. ಊರಿಗೆ ತಕ್ಕಂತೆ ವಸ್ತು ಬದಲಾಯಿತು.

ಶುಲ್ಕವೊಂದನ್ನೇ ಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಟೆನೆಸ್ಸಿ ರಾಜ್ಯವು ೨೦೧೫ರಿಂದ, ಶಾಲೆ ಮುಗಿಸಿ ಬಂದವರಿಗೆ ಊರ ಕಾಲೇಜಿನ ಶುಲ್ಕದ ಬಾಕಿಯನ್ನು ತಾನೇ ತುಂಬುತ್ತಿದೆ. ಸೇರುವವರು ಹೆಚ್ಚಿದರು. ಒಳ್ಳೆಯ ಕೆಲಸ. ಆದರೆ ಆ ಹಣ ಬಾಡಿಗೆಗೂ ಬಸ್ಸಿಗೂ ಬರುವುದಿಲ್ಲ. ಹೆಚ್ಚು ಬಡವರಿಗೆ ಶುಲ್ಕದ ಭಾರ ಕೇಂದ್ರದ ಸಹಾಯಧನದಿಂದಲೇ ತೀರಿರುತ್ತದೆಯಾದ್ದರಿಂದ, ರಾಜ್ಯದ ಹಣದಿಂದ ಅವರ ಕೈಗೆ ಹೊಸದಾಗಿ ಬರುವುದು ಅಲ್ಪ. ಆ ಯೋಜನೆಯಲ್ಲಿ ನನಗೆ ಮೆಚ್ಚಿಗೆಯಾದುದು ಬೇರೆ: ಪ್ರತಿ ವಿದ್ಯಾರ್ಥಿಗೂ ಊರಿನವರಲ್ಲಿ ಒಬ್ಬರು ಸ್ವಯಂಸೇವಕರು ಹಿತಚಿಂತಕರಾಗಿ ನಿಂತು, ಅರ್ಜಿಯ ಕೊನೆಯ ದಿನಾಂಕ ನೆನಪಿಸುತ್ತಾರೆ.

ಓದಿದ ಮೇಲೆ ಕೆಲಸದ ಮಾತು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ೧೯೯೦ರಲ್ಲಿ ಉಡುಪಿನ ದೊಡ್ಡ ಕಾರ್ಖಾನೆಯೊಂದು ಮುಚ್ಚಿ ಸುಮಾರು ಸಾವಿರ ಮಂದಿ ಬೀದಿಗೆ ಬಿದ್ದರು; ಬಹುಮಂದಿ ಹೆಂಗಸರು. ಊರಿನಲ್ಲಿ ಹೊಸ ಕೆಲಸಗಳೇನೋ ಇದ್ದವು, ಆಸ್ಪತ್ರೆಗಳಲ್ಲಿ. ಆದರೆ ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಆ ವಿದ್ಯೆ ಇರಲಿಲ್ಲ. ಆಗ ಅಲ್ಲಿಯ ಚರ್ಚುಗಳ ಜನ, ಬಡಾವಣೆಗಳ ಜನ ಒಟ್ಟುಗೂಡಿ ೧೯೯೨ರಲ್ಲಿ ‘ಪ್ರಾಜೆಕ್ಟ್ ಕ್ವೆಸ್ಟ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಯಾವ ಕೆಲಸಕ್ಕೆ ಜನ ಬೇಕೆಂದು ಕೆಲಸ ಕೊಡುವವರನ್ನೇ ಮೊದಲು ಕೇಳಿದರು. ಆಮೇಲೆ ಆ ವಿದ್ಯೆಗೆ ಊರ ಕಾಲೇಜಿಗೆ ಕಳುಹಿಸಿದರು. ಶುಲ್ಕ, ಪುಸ್ತಕ, ಮಗುವಿನ ಪಾಲನೆ, ಓಡಾಟ, ಕಡೆಗೆ ದಾದಿಯ ಪರವಾನಗಿ ಪರೀಕ್ಷೆಯ ಶುಲ್ಕದವರೆಗೂ ನೆರವು ಕೊಟ್ಟರು. ವಾರವಾರವೂ ಎಲ್ಲರನ್ನೂ ಕೂಡಿಸಿ ಮಾತನಾಡಿಸಿದರು. ಮುಂದೆ ಆರೋಗ್ಯ ಕ್ಷೇತ್ರದ ವಿದ್ಯಾರ್ಥಿಗಳನ್ನು ಕುರಿತು ನಡೆದ ಪರೀಕ್ಷೆಯೊಂದರಲ್ಲಿ, ಒಂಬತ್ತು ವರ್ಷ ಕಳೆದ ಮೇಲೂ ಅವರ ಸಂಪಾದನೆ ನೆರವು ಸಿಗದವರಿಗಿಂತ ಹೆಚ್ಚಾಗಿಯೇ ಉಳಿದಿತ್ತು. ಪರವಾನಗಿ ಪರೀಕ್ಷೆಯ ಶುಲ್ಕ ಎಂಬುದನ್ನು ನೋಡಿ. ಎರಡು ವರ್ಷ ಓದಿ, ಕೊನೆಯ ಮೆಟ್ಟಿಲಲ್ಲಿ ಆ ಹಣವಿಲ್ಲದೆ ನಿಂತವಳಿಗೆ ಹಿಂದಿನ ಓದೆಲ್ಲ ವ್ಯರ್ಥ.

ನಮ್ಮ ದೇಶದಲ್ಲಿಯೂ ಸಮುದಾಯ ಕಾಲೇಜೆಂಬ ಹೆಸರು ಬಂದಿದೆ. ಪಾಂಡಿಚೇರಿ ವಿಶ್ವವಿದ್ಯಾನಿಲಯ ೧೯೯೫ರಲ್ಲಿ ಒಂದನ್ನು ತೆರೆಯಿತು. ಮುಂದೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ ಒಂದು ಯೋಜನೆ ಮಾಡಿತು. ಆದರೆ ತಾವು ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಪಾಲಿಟೆಕ್ನಿಕ್ಕು, ಐ.ಟಿ.ಐ., ತಾಲ್ಲೂಕಿನ ಪದವಿ ಕಾಲೇಜು ಇವೇ ನಮ್ಮ ಊರ ಕಾಲೇಜುಗಳು. ತಮ್ಮ ಮನೆಯ ಕೆಲಸದಾಕೆಯ ಮಗಳು, ಹಾಲು ಹಾಕುವವನ ಮಗ ಈ ಜೂನಿನಲ್ಲಿ ಅಲ್ಲಿಗೇ ಸೇರುವವರು. ಸೇರಿದ ದಿನ ಸಿಹಿ ತಂದುಕೊಡುತ್ತಾರೆ; ನಾವು ‘ಚೆನ್ನಾಗಿ ಓದು’ ಎನ್ನುತ್ತೇವೆ. ಅದರ ಜೊತೆಗೆ, ಪಾಸಾಯಿತೆ, ಮಧ್ಯಾಹ್ನ ಏನು ಉಣ್ಣುತ್ತೀ, ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಿದೆಯಾ ಎಂದೂ ಕೇಳಬಹುದು. ಕೇಳುವುದಕ್ಕೆ ಒಳ್ಳೆಯ ಕಾಲ ಸೇರಿದ ದಿನವಲ್ಲ, ಮೂರನೆಯ ವಾರ. ಕೈಯಲ್ಲಿದ್ದ ಕಾಸು ಮುಗಿಯುವುದು ಸಾಮಾನ್ಯವಾಗಿ ಆಗ.

ಆ ಹುಡುಗ ಮತ್ತೆ ಪಾಲಿಟೆಕ್ನಿಕ್ಕಿಗೆ ಹೋಗಲಿಲ್ಲ. ಈಗ ಅವನದೇ ಸೈಕಲ್ಲು ಮೋಟಾರ್ ಸೈಕಲ್ಲಿನ ಅಂಗಡಿಯಿದೆ. ನನ್ನಿಂದ ಗಾಳಿಗೆ ಕಾಸು ತೆಗೆದುಕೊಳ್ಳುವುದಿಲ್ಲ. ಅವನ ತಂಗಿ ಮರುವರ್ಷ ಹತ್ತನೆಯ ತರಗತಿ ಮುಗಿಸಿದಳು. ಪಾಸಿನ ಕಾಗದ ಹಿಡಿದುಕೊಂಡು ಅವಳ ಜೊತೆ ನಾನೇ ಹೋದೆ. ಮೊಹರಿಗೆ ಎರಡು ಗಂಟೆ ಕಾಯಿಸಿದರು. ಆಮೇಲಿಂದ ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದೇನೆ. ಪಾಸಾದ ಮಕ್ಕಳ ಹೆಸರು, ಸೇರಿದ ಕಾಲೇಜು, ಮನೆಯವರ ಫೋನಿನ ಸಂಖ್ಯೆ. ಎದುರಿಗೆ ಮೂರು ಅಂಕಣ — ಬಸ್ಸು, ಊಟ, ಕಾಗದಪತ್ರ. ಕಳೆದ ಸಲ ೪೧ ಹೆಸರುಗಳಿದ್ದವು. ಮೂರು ಅಂಕಣಕ್ಕೂ ಗುರುತು ಬಿದ್ದವು ೩೩. ಉಳಿದ ಎಂಟರಲ್ಲಿ ಐದು ಮನೆಗಳಿಗೆ ಹೋಗಿ ಬಂದಿದ್ದೇನೆ. ಮೂರು ಮನೆಗಳು ಬಾಕಿ ಇವೆ.